ಘಾಟಿ ಇಳಿಯುವ ಮುಂಚೆ: ಮೋಟರ್‌ಹೋಮ್ ಬ್ರೇಕ್ ದೋಷ ಹುಡುಕುವ ಬಗೆ

ಶಿವಮೊಗ್ಗದಿಂದ ಕಡಲ ಕಡೆಗೆ ಹೊರಟರೆ ಎಲ್ಲಾದರೂ ಒಂದು ಘಾಟಿ ಇಳಿಯಲೇಬೇಕು. ತೀರ್ಥಹಳ್ಳಿ ಮೇಲೆ ಹೋದರೆ ಆಗುಂಬೆ, ಮಾಸ್ತಿಕಟ್ಟೆ ಮೇಲೆ ಹೋದರೆ ಹುಲಿಕಲ್, ನಾಗೋಡಿ ಮೇಲೆ ಹೋದರೆ ಕೊಲ್ಲೂರು. ಊರೊಳಗೆ ಚೆನ್ನಾಗಿ ಹಿಡಿಯುವ ಬ್ರೇಕ್ ಘಾಟಿಯಲ್ಲೂ ಹಾಗೇ ಹಿಡಿಯುತ್ತದೆ ಅಂತ ನಂಬುವ ಹಾಗಿಲ್ಲ. ಕಾರಣ ಬಿಸಿ.

ಲೆಕ್ಕ ಹಾಕಿ ನೋಡಿ. ಸಾಮಾನೆಲ್ಲ ತುಂಬಿದ ಮೋಟರ್‌ಹೋಮ್ (ಒಳಗೇ ಅಡುಗೆ ಮಾಡಿ ಮಲಗುವ ಗಾಡಿ) ಮೂರೂವರೆ ಟನ್ ತೂಗುತ್ತದೆ ಅಂದುಕೊಳ್ಳೋಣ. ಅದು 500 ಮೀಟರ್ ಎತ್ತರದಿಂದ ಕೆಳಗೆ ಬಂದಾಗ ಹುಟ್ಟುವ ಬಿಸಿಯಲ್ಲಿ 50 ಲೀಟರಿಗೂ ಜಾಸ್ತಿ ತಣ್ಣೀರನ್ನು ಕುದಿಸಬಹುದು. ಬಚ್ಚಲುಮನೆಯ ಹಂಡೆ ಕಾಯಲು ಎಷ್ಟು ಸೌದೆ, ಎಷ್ಟು ಹೊತ್ತು ಬೇಕು ಅಂತ ಮಲೆನಾಡಿನವರಿಗೆ ಗೊತ್ತೇ ಇದೆ. ಎಂಜಿನ್ ತನ್ನ ಪಾಲು ಹೊರದಿದ್ದರೆ ಆ ಬಿಸಿಯೆಲ್ಲ ಅರ್ಧ ಗಂಟೆಯೊಳಗೆ ನಾಲ್ಕು ಚಕ್ರದ ಬ್ರೇಕಿಗೇ ಹೋಗುತ್ತದೆ.

ಹಾಗಾಗಿ ದೂರದ ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆಯೇ ಬ್ರೇಕ್ ನೋಡಿಸಿ. ಹೊರಡುವ ಹಿಂದಿನ ದಿನ ಗ್ಯಾರೇಜಿಗೆ ಹೋದರೆ ಬೇಕಾದ ಸ್ಪೇರ್ ಸಿಗುವುದಿಲ್ಲ. ಮೆಕ್ಯಾನಿಕ್ ಅವಸರದಲ್ಲಿ ಇರುತ್ತಾರೆ, ನೀವೂ ಅವಸರದಲ್ಲಿ ಇರುತ್ತೀರಿ. ಕೆಳಗೆ ಬರೆದಿರುವುದು ಮುಖ್ಯವಾಗಿ ವ್ಯಾನ್ ಅಥವಾ ಟೆಂಪೋ ಟ್ರಾವೆಲರ್ ಥರದ, ಬ್ರೇಕ್ ಆಯಿಲ್‌ನಲ್ಲಿ ಕೆಲಸ ಮಾಡುವ ಗಾಡಿಗಳಿಗೆ.

ಮುಟ್ಟುವ ಮುಂಚೆ ಇಷ್ಟು

ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲೆ ಇರಲಿ. ಮಳೆ ಬಂದು ಮೆತ್ತಗಾದ ಅಂಗಳದ ಮಣ್ಣಿನಲ್ಲಿ ಜಾಕ್ ಹಾಕಬೇಡಿ, ಜಾಕ್ ಕೂತುಬಿಡುತ್ತದೆ. ಚಕ್ರಕ್ಕೆ ಎರಡೂ ಕಡೆ ಕಲ್ಲೋ ಮರದ ತುಂಡೋ ಕೊಡಿ. ಬರೀ ಜಾಕ್ ನಂಬಿಕೊಂಡು ಗಾಡಿ ಕೆಳಗೆ ಯಾವತ್ತೂ ಹೋಗಬೇಡಿ, ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸವೇ ಬೇಡ. ಡ್ರಮ್ (ಚಕ್ರದ ಜೊತೆ ತಿರುಗುವ ದುಂಡನೆಯ ಕಬ್ಬಿಣದ ಡಬ್ಬಿ) ಒಳಗಿನ ಪುಡಿಯನ್ನು ಬಾಯಿಂದಲೋ ಏರ್ ಪೈಪಿನಿಂದಲೋ ಊದಬೇಡಿ. ಡ್ರಮ್ಮಿನ ಒಳಮೈಗೆ ಉಜ್ಜುವ ಪಟ್ಟಿಯೇ ಲೈನರ್; ಹಳೆಯ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಇನ್ನೊಂದು ವಿಷಯ: ತೂಕ. ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕದ ಮಿತಿ ಬರೆದಿರುತ್ತದೆ. 100 ಲೀಟರ್ ನೀರಿನ ಟ್ಯಾಂಕ್ ಅಂದರೆ 100 ಕೆಜಿ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಮಂಚ, ಪ್ಲೈವುಡ್ ಕಪಾಟು, ಆರು ಜನ ಎಲ್ಲ ಸೇರಿ ಎಷ್ಟಾಯಿತು ಅಂತ ಕಣ್ಣಂದಾಜಿನಲ್ಲಿ ಹೇಳಲು ಆಗುವುದಿಲ್ಲ. ಪೂರ್ತಿ ತುಂಬಿಸಿಕೊಂಡು ಅಡಿಕೆ, ಭತ್ತದ ಲಾರಿ ತೂಗುವ ವೇಬ್ರಿಡ್ಜ್‌ಗೆ ಒಮ್ಮೆ ಹೋಗಿ ಬನ್ನಿ. ಮಿತಿ ದಾಟಿದ್ದರೆ ಸಾಮಾನು ಇಳಿಸಬೇಕು. ಹೊಸ ಪ್ಯಾಡ್ (ಡಿಸ್ಕ್ ಬ್ರೇಕಿನಲ್ಲಿ ಉಜ್ಜಿ ಚಕ್ರ ನಿಲ್ಲಿಸುವ ತುಂಡು) ಹಾಕಿದ ಮಾತ್ರಕ್ಕೆ ಆ ಕೊರತೆ ತುಂಬುವುದಿಲ್ಲ.

ಮಳೆಗಾಲ ಕಳೆದ ಮೇಲೆ ಗಾಡಿ ಅಲುಗುತ್ತಿಲ್ಲ, ಅಥವಾ ಎಳೆದಂತೆ ಹೋಗುತ್ತಿದೆ

ನಮ್ಮ ಕಡೆ ಇದು ಸರ್ವೇಸಾಮಾನ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿರುತ್ತೇವೆ. ಥಂಡಿಗೆ ಡ್ರಮ್ ತುಕ್ಕು ಹಿಡಿದು ಲೈನರ್ ಅದಕ್ಕೆ ಅಂಟಿಕೊಳ್ಳುತ್ತದೆ. ಫಸ್ಟ್ ಗೇರ್ ಹಾಕಿ ಜೋರಾಗಿ ಎಳೆಸಬೇಡಿ, ಲೈನರ್ ತಾನು ಕೂತಿರುವ ಶೂ (ಬಾಗಿದ ಕಬ್ಬಿಣದ ಪಟ್ಟಿ) ಬಿಟ್ಟು ಕಿತ್ತು ಬರಬಹುದು. ಮೆಲ್ಲಗೆ ಮುಂದಕ್ಕೆ, ಮೆಲ್ಲಗೆ ಹಿಂದಕ್ಕೆ ಒಂದೆರಡು ಸಲ ನೋಡಿ. ಬಿಡದಿದ್ದರೆ ಮೆಕ್ಯಾನಿಕ್ ಬಂದು ಡ್ರಮ್ ತಟ್ಟಿ ಬಿಡಿಸಲಿ.

ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ) ಮೇಲಿನ ತೆಳು ತುಕ್ಕು ಬೇರೆ ಮಾತು. ಮೊದಲ ಐದಾರು ಬ್ರೇಕಿಗೆ ಕರಕರ ಎಂದು ಆಮೇಲೆ ಸುಮ್ಮನಾದರೆ ತೊಂದರೆ ಇಲ್ಲ. ಐದು ಕಿಲೋಮೀಟರ್ ಓಡಿದರೂ ಶಬ್ದ ನಿಲ್ಲದಿದ್ದರೆ ಬಿಚ್ಚಿ ನೋಡಲೇಬೇಕು.

ಇನ್ನು ಮುಂದಿನ ಮಳೆಗಾಲಕ್ಕೆ ಹ್ಯಾಂಡ್ ಬ್ರೇಕ್ ಹಾಕದೆ, ಸಮತಟ್ಟಾದ ಜಾಗದಲ್ಲಿ ಗೇರ್‌ನಲ್ಲಿ ಇಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ.

ಶಬ್ದ ಬರುತ್ತಿದೆ

ಸಣ್ಣಗೆ "ಕೀಂ" ಎಂದು ಕೂಗುವುದು ಮೊದಲ ಎಚ್ಚರಿಕೆ. ತುಂಬಾ ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ, ಅಂದರೆ ಬದಲಾಯಿಸುವ ಕಾಲ ಬಂತು ಅಂತ. ಟಾರ್ಚ್ ಹಿಡಿದು ಚಕ್ರದ ತೂತಿನಿಂದ ನೋಡಿ. ಪ್ಯಾಡಿನ ಉಜ್ಜುವ ಭಾಗ 3 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಹೊಸದು ಹಾಕಿಸಿ. ದೂರದ ಪ್ರಯಾಣ ಅಂದರೆ ನಾನು 5 ಮಿಲಿಮೀಟರ್‌ಗೇ ಬದಲಾಯಿಸುತ್ತೇನೆ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಜಾಸ್ತಿ ಸವೆದಿರುವುದುಂಟು, ಹಾಗಾಗಿ ಹೊರಗಿಂದ ನೋಡಿ ತೃಪ್ತಿ ಪಡಬೇಡಿ.

ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ "ಗರ್ರ್" ಶಬ್ದ ಬಂದರೆ ಗಾಡಿ ಅಲ್ಲೇ ನಿಲ್ಲಬೇಕು. ಪ್ಯಾಡ್ ಪೂರ್ತಿ ಮುಗಿದು ಡಿಸ್ಕ್ ಹಾಳಾಗುತ್ತಿದೆ ಎಂದು ಅರ್ಥ. ಒಂದೊಂದು ಸಲ ಪ್ಯಾಡಿಗೂ ಡಿಸ್ಕಿಗೂ ನಡುವೆ ಜಲ್ಲಿಕಲ್ಲು ಸಿಕ್ಕಿಕೊಂಡೂ ಹೀಗೇ ಕೇಳಿಸುತ್ತದೆ. ಎರಡರಲ್ಲಿ ಯಾವುದು ಅಂತ ಬಿಚ್ಚದೆ ಗೊತ್ತಾಗುವುದಿಲ್ಲ.

ಪೆಡಲ್ ಮೆತ್ತಗಿದೆ, ಅಥವಾ ಒಳಗೆ ಹೋಗುತ್ತಿದೆ

ಮೊದಲು ಪೆಡಲ್ ಕೆಳಗೆ ನೋಡಿ. ಮ್ಯಾಟ್ ಮಡಚಿಕೊಂಡಿದೆಯಾ, ನೀರಿನ ಬಾಟಲಿ ಉರುಳಿ ಬಂದಿದೆಯಾ? ಮನೆಯ ಹಾಗೆ ಬಳಸುವ ಗಾಡಿಯಲ್ಲಿ ಇಂಥದ್ದು ತುಂಬಾ ಆಗುತ್ತದೆ. ಖರ್ಚಿಲ್ಲದ ಪರೀಕ್ಷೆ ಇದು.

ಆಮೇಲೆ ಬ್ರೇಕ್ ಆಯಿಲ್ ಡಬ್ಬಿ. ಮಟ್ಟ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇರಬೇಕು. ಕಡಿಮೆಯಾಗಿದ್ದರೆ ಒಂದೋ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಕಾರಣ ಹುಡುಕದೆ ಸುಮ್ನೆ ಮೇಲಿಂದ ತುಂಬಿಸಿದರೆ ದೋಷ ಮುಚ್ಚಿಹೋಗುತ್ತದೆ, ಅಷ್ಟೇ. ನಾಲ್ಕೂ ಚಕ್ರದ ಒಳಮೈ, ಟಯರಿನ ಒಳಗೋಡೆ, ಪೆಡಲ್ ಹತ್ತಿರದ ಕಾರ್ಪೆಟ್, ಎಲ್ಲಾದರೂ ಒದ್ದೆ ಗೆರೆ ಇದೆಯಾ ನೋಡಿ. ಇದ್ದರೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ರನ್ನೇ ಮನೆಗೆ ಕರೆಸಿ.

ಈಗ ಪೆಡಲ್ ಒತ್ತಿ ನೋಡಿ. ಕಾಲಿಗೆ ಸ್ಪಾಂಜ್ ಒತ್ತಿದ ಹಾಗೆ ಅನ್ನಿಸಿದರೆ ಪೈಪಿನಲ್ಲಿ ಗಾಳಿ ಸೇರಿದೆ, ಏರ್ ತೆಗೆಸಬೇಕು. ಮೊದಲ ಒತ್ತಿಗೆ ಆಳಕ್ಕೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬಂದರೆ, ಹಿಂದಿನ ಡ್ರಮ್ಮಿನ ಶೂ ಅಡ್ಜಸ್ಟ್ ತಪ್ಪಿರುವುದೇ ಹೆಚ್ಚು. ಒತ್ತಿ ಹಿಡಿದುಕೊಂಡಿರುವಾಗ ಪೆಡಲ್ ಮೆಲ್ಲಗೆ ತಾನೇ ಕೆಳಗೆ ಇಳಿಯುತ್ತಾ ಹೋದರೆ, ಹೊರಗೆ ಸೋರಿಕೆಯೂ ಕಾಣದಿದ್ದರೆ, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಒಳಗಿನ ರಬ್ಬರ್ ಸೋತಿದೆ. ಈ ಕೊನೆಯದು ಅಪಾಯ. ಒಂದು ಸಲ ಸರಿಯಾಗಿ ಹಿಡಿದು, ಮುಂದಿನ ಸಲ ಕೈಕೊಡುತ್ತದೆ.

ಡಬ್ಬಿಗೆ ಬೇರೆ ಯಾವ ಎಣ್ಣೆಯನ್ನೂ ಹಾಕಬೇಡಿ. ಎಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ರಬ್ಬರ್ ವಾಷರ್‌ಗಳು ಊದಿಕೊಂಡು ಇಡೀ ವ್ಯವಸ್ಥೆ ಬಿಚ್ಚಬೇಕಾಗುತ್ತದೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ.

ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದೆ

ಇದು ಬೂಸ್ಟರ್ (ಕಾಲಿನ ಒತ್ತಿಗೆ ಬಲ ಸೇರಿಸುವ ಭಾಗ) ಸಮಸ್ಯೆ ಇರಬಹುದು. ಮನೆಯಲ್ಲೇ ಒಂದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ಎಂಜಿನ್ ಆಫ್ ಇರುವಾಗ ಪೆಡಲ್ ಐದಾರು ಸಲ ಒತ್ತಿ ಬಿಡಿ, ಅದು ಗಟ್ಟಿಯಾಗುತ್ತದೆ. ಕಾಲು ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಹೋಗದಿದ್ದರೆ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಹೋಸ್ (ರಬ್ಬರ್ ಪೈಪ್) ಬಿರುಕು ಬಿಟ್ಟಿದೆಯಾ, ಕ್ಲಿಪ್ ಸಡಿಲವಾಗಿದೆಯಾ ನೋಡಿ. ಅದು ಸರಿ ಇದ್ದರೆ ವ್ಯಾಕ್ಯೂಮ್ ಪಂಪ್ ಅಥವಾ ಬೂಸ್ಟರ್ ಕೆಟ್ಟಿರುತ್ತದೆ, ಅದು ಗ್ಯಾರೇಜಿನ ಕೆಲಸ.

ಇದೇ ಕಾರಣಕ್ಕೆ ಕೈಮುಗಿದು ಕೇಳುತ್ತೇನೆ: ಡೀಸೆಲ್ ಉಳಿಯುತ್ತದೆ ಅಂತ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಬೇಡಿ, ನ್ಯೂಟ್ರಲ್ ಹಾಕಬೇಡಿ. ಎಂಜಿನ್ ನಿಂತರೆ ಎರಡು ಮೂರು ಒತ್ತಿಗೆ ಬೂಸ್ಟರ್ ಖಾಲಿ. ಆಮೇಲೆ ಮೂರೂವರೆ ಟನ್ ಗಾಡಿ ನಿಲ್ಲಿಸಲು ಬರೀ ನಿಮ್ಮ ಕಾಲಿನ ಬಲ. ಪವರ್ ಸ್ಟಿಯರಿಂಗ್ ಕೂಡ ಬಿಗಿಯಾಗುತ್ತದೆ, ಎದುರಿಗೆ ಹೇರ್‌ಪಿನ್ ತಿರುವು ಇರುತ್ತದೆ.

ಬ್ರೇಕ್ ಹಾಕಿದರೆ ಒಂದು ಕಡೆ ಎಳೆಯುತ್ತದೆ

ಟಯರ್ ಗಾಳಿ ನೋಡಿ, ಎಡ ಬಲ ಸಮ ಇರಲಿ. ಎಷ್ಟೋ ಸಲ ಇಲ್ಲಿಗೇ ಸಮಸ್ಯೆ ಮುಗಿಯುತ್ತದೆ. ಆಮೇಲೂ ಎಳೆದರೆ ಒಂದು ಕಡೆಯ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹಿಡಿದುಕೊಂಡಿರಬಹುದು, ಅಥವಾ ಪ್ಯಾಡಿಗೆ, ಲೈನರಿಗೆ ಎಣ್ಣೆ ಸೋರಿರಬಹುದು. ಬ್ರೇಕ್ ಜಾಸ್ತಿ ಬಳಸದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಚಕ್ರ ಮುಟ್ಟಬೇಡಿ, ಅಂಗೈಯ ಹಿಂಭಾಗವನ್ನು ಹತ್ತಿರ ಹಿಡಿದು ಎಡಕ್ಕೂ ಬಲಕ್ಕೂ ಹೋಲಿಸಿ. ಒಂದು ಮಾತ್ರ ಒಲೆಯ ಹಾಗೆ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಮಲೆನಾಡಿನ ಕೆಮ್ಮಣ್ಣಿನ ಕೆಸರು ಕ್ಯಾಲಿಪರಿನ ಪಿನ್‌ಗಳಲ್ಲಿ ಹೊಕ್ಕು ಒಣಗಿದರೆ ಇದು ಬೇಗ ಬರುತ್ತದೆ. ಪಿನ್ ತೆಗೆದು ಸ್ವಚ್ಛ ಮಾಡಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿಸಿದರೆ ಸಾಕಾಗಬಹುದು.

ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕುವುದನ್ನು ನೋಡಿದ್ದೇನೆ. ಒಪ್ಪಿಕೊಳ್ಳಬೇಡಿ. ಎರಡೂ ಚಕ್ರಕ್ಕೆ ಜೋಡಿಯಾಗಿ ಹೊಸದು ಹಾಕಿಸಿ.

ಹಳ್ಳ ದಾಟಿದ ಕೂಡಲೇ ಬ್ರೇಕ್ ಹಿಡಿಯದಿದ್ದರೆ ಅಥವಾ ಎಳೆದರೆ ಡ್ರಮ್ಮಿಗೆ ನೀರು ಹೋಗಿದೆ ಅಷ್ಟೇ. ನಿಧಾನವಾಗಿ ಓಡಿಸುತ್ತಾ ಪೆಡಲ್ ಹಗುರವಾಗಿ ಒತ್ತಿ ಒಣಗಿಸಿ.

ಪೆಡಲ್, ಸ್ಟಿಯರಿಂಗ್ ನಡುಗುತ್ತದೆ

ಡಿಸ್ಕ್ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿದೆ, ಅಥವಾ ಡ್ರಮ್ ದುಂಡಗೆ ಉಳಿದಿಲ್ಲ. ಲೇತ್‌ಗೆ ಕೊಟ್ಟು ಸರಿ ಮಾಡಿಸಬಹುದು. ಆದರೆ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತದೆ, ಅದಕ್ಕಿಂತ ಕೆಳಗೆ ಹೋಗುವಂತಿದ್ದರೆ ಹೊಸದೇ ಬೇಕು. ತೆಳುವಾದ ಡಿಸ್ಕ್ ಬೇಗ ಕಾಯುತ್ತದೆ.

ಘಾಟಿಯಲ್ಲಿ ಸುಟ್ಟ ವಾಸನೆ, ಬ್ರೇಕ್ ಕಮ್ಮಿಯಾಗುತ್ತಿದೆ

ಇದನ್ನು ನಾನೇ ಅನುಭವಿಸಿದ್ದೇನೆ. ಒಂದು ಅಕ್ಟೋಬರ್‌ನಲ್ಲಿ ಹುಲಿಕಲ್ ಘಾಟಿ ಇಳಿಯುತ್ತಿದ್ದೆವು. ಮೂರು ವಾರ ಮುಂಚೆ ಒಂದು ಗ್ಯಾರೇಜಿನಲ್ಲಿ ಹೊಸ ಪ್ಯಾಡ್, ಹೊಸ ಲೈನರ್ ಹಾಕಿಸಿದ್ದೆ. ಘಾಟಿಯ ಗುಡಿಯಲ್ಲಿ ಚಂಡಿಕಾಂಬೆಗೆ ಕೈಮುಗಿದು ಹೊರಟು ಕೆಲವು ತಿರುವು ಇಳಿದ ಮೇಲೆ ಸುಟ್ಟ ರಬ್ಬರಿನಂಥ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ನೆಲದ ಹತ್ತಿರ ಹೋಯಿತು. ಪಂಪ್ ಮಾಡಿ, ಸೆಕೆಂಡ್ ಗೇರಿಗೆ ಬಂದು, ಗುಡ್ಡದ ಕಡೆಯ ಅಂಚಿಗೆ ಗಾಡಿ ತಂದು ನಿಲ್ಲಿಸಿದೆ. ಹಿಂದೆ ಕೂತಿದ್ದ ಅಮ್ಮ ಏನಾಯಿತು ಅಂತಲೂ ಕೇಳಲಿಲ್ಲ, ನನ್ನ ಭುಜ ಹಿಡಿದುಕೊಂಡಿದ್ದರು. ಒಂದು ಗಂಟೆ ಕಳೆದ ಮೇಲೆ ಪೆಡಲ್ ಮೊದಲಿನ ಹಾಗೆ ಗಟ್ಟಿಯಾಗಿತ್ತು!

ಊರಿಗೆ ಬಂದ ಮೇಲೆ ಬೇರೆ ಮೆಕ್ಯಾನಿಕ್ ಹತ್ತಿರ ತೋರಿಸಿದೆ. ಅವರು ಚಕ್ರದ ಬ್ಲೀಡಿಂಗ್ ನಿಪ್ಪಲ್‌ಗೆ (ಆಯಿಲ್, ಗಾಳಿ ಹೊರಬಿಡುವ ಮೂತಿ) ಸಣ್ಣ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ ಎಣ್ಣೆಯನ್ನು ಗಾಜಿನ ಲೋಟಕ್ಕೆ ಇಳಿಸಿದರು. ಪಕ್ಕದಲ್ಲಿ ಹೊಸ ಆಯಿಲ್ ಹಾಕಿದ ಇನ್ನೊಂದು ಲೋಟ ಇಟ್ಟರು. ಹೊಸದು ತಿಳಿ ಜೇನಿನ ಬಣ್ಣ. ನಮ್ಮದು ಕಪ್ಪು, ತಳದಲ್ಲಿ ಸಣ್ಣ ಮಸಿ. "ನೋಡಿ ಸಾರ್, ಡಿಕಾಕ್ಷನ್ ಆಗೋಗಿದೆ. ಪ್ಯಾಡ್ ಹೊಸದು ಹಾಕಿದಾರೆ, ಆಯಿಲ್ ಮುಟ್ಟೇ ಇಲ್ಲ," ಅಂದರು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಸೇರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಸೇರಿದ ಮೇಲೆ ಅದು 140. ಡಾಟ್ 4 ಆದರೆ 230 ಮತ್ತು 155. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಆಗುತ್ತದೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಪ್ಯಾಡ್ ಒತ್ತುವುದಿಲ್ಲ. ತಣ್ಣಗಾದರೆ ಆವಿ ಮತ್ತೆ ಆಯಿಲ್ ಆಗುತ್ತದೆ, ಪೆಡಲ್ ಸರಿಹೋದಂತೆ ಕಾಣುತ್ತದೆ. ಮೋಸ ಹೋಗಬೇಡಿ. ಹಾಗೆ ಒಮ್ಮೆ ಆಗಿದ್ದರೆ ಆಯಿಲ್ ಪೂರ್ತಿ ಬದಲಾಗಲೇಬೇಕು.

ಇನ್ನೊಂದು ಬಗೆಯೂ ಇದೆ. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ. ಆಗ ಆಯಿಲ್ ಸರಿ ಇದೆ, ಪ್ಯಾಡ್ ಅಥವಾ ಲೈನರ್ ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿದೆ. ಇದಕ್ಕೆ ಹೆಚ್ಚಾಗಿ ನಮ್ಮ ಚಾಲನೆಯೇ ಕಾರಣ, ಅಥವಾ ಜಾಸ್ತಿ ತೂಕ, ಅಗ್ಗದ ಪ್ಯಾಡ್. ಈ ಎರಡರ ವ್ಯತ್ಯಾಸವನ್ನು ಮೆಕ್ಯಾನಿಕ್‌ಗೆ ಸರಿಯಾಗಿ ಹೇಳಿ. ಅವರ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ವಾಸನೆ ಬಂದರೆ ಏನು ಮಾಡಬೇಕು? ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್ಮಿನ ಮೇಲೆ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದಿಡಬೇಡಿ. ನೀರು ಹಾಕಲೇಬೇಡಿ, ಕಾದ ಎರಕದ ಕಬ್ಬಿಣ ಬಿರಿಯುತ್ತದೆ. ಒಂದು ಗಂಟೆ ಸುಮ್ಮನೆ ಬಿಡಿ. ಹೊಗೆ ಬರುತ್ತಿದ್ದರೆ ಎಲ್ಲರನ್ನೂ ಇಳಿಸಿ ದೂರ ನಿಲ್ಲಿಸಿ, ಬೆಂಕಿ ನಂದಿಸುವ ಸಿಲಿಂಡರ್ ಕೈಯಲ್ಲಿರಲಿ. ನಮ್ಮ ಗಾಡಿಯೊಳಗೆ ಅಡುಗೆ ಗ್ಯಾಸ್ ಇರುತ್ತದೆ, ಮರೆಯಬೇಡಿ. ಪೆಡಲ್ ಒಮ್ಮೆ ನೆಲಕ್ಕೆ ಹೋಗಿದ್ದರೆ ತಣ್ಣಗಾದ ಮೇಲೂ ಇಳಿಯುವುದು ಬೇಡ, ಟೋಯಿಂಗ್ ಗಾಡಿ ಕರೆಸಿ. ನಾನು ಆವತ್ತು ತಿಳಿಯದೆ ಇಳಿಸಿಕೊಂಡು ಹೋದೆ. ಮಾಡಬಾರದಿತ್ತು.

ಓಡುತ್ತಿರುವಾಗಲೇ ಬ್ರೇಕ್ ಹೋದರೆ ಪೆಡಲ್ ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಕೆಳಗೆ ತನ್ನಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆಯಿರಿ. ಹಾರ್ನ್, ಲೈಟ್ ಹಾಕಿ. ಬೇರೆ ದಾರಿ ಇಲ್ಲದಿದ್ದರೆ ಗುಡ್ಡದ ಕಡೆಯ ಚರಂಡಿಗೆ, ಧರೆಗೆ ಉಜ್ಜಿಸಿ ನಿಲ್ಲಿಸಿ. ಗಾಡಿ ಹೋದರೆ ಹೋಗಲಿ.

ಇಷ್ಟೆಲ್ಲ ಆಗದಿರಲು, ಹತ್ತುವಾಗ ಯಾವ ಗೇರ್ ಬೇಕಿತ್ತೋ ಇಳಿಯುವಾಗಲೂ ಅದೇ ಅಥವಾ ಅದಕ್ಕಿಂತ ಒಂದು ಕೆಳಗಿನ ಗೇರ್. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಗೇರ್ ಬದಲಾಯಿಸುವ ಗಡಿಬಿಡಿ ಬೇಡ, ಮೇಲೆ ಸಮತಟ್ಟಿನಲ್ಲೇ ಗೇರ್ ಇಳಿಸಿಕೊಳ್ಳಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ.

ಡ್ಯಾಶ್‌ಬೋರ್ಡಲ್ಲಿ ದೀಪ ಉರಿಯುತ್ತಿದೆ

ಕೆಂಪು ದೀಪ ಅಂದರೆ ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿಲ್ಲ, ಇಲ್ಲವೇ ಆಯಿಲ್ ಕಡಿಮೆ ಇದೆ. ಹ್ಯಾಂಡ್ ಬ್ರೇಕ್ ಇಳಿಸಿದರೂ ಆರದಿದ್ದರೆ ನಿಲ್ಲಿಸಿ. ಹಳದಿ ಎಬಿಎಸ್ ದೀಪ ಅಂದರೆ ಮಾಮೂಲಿ ಬ್ರೇಕ್ ಇರುತ್ತದೆ, ಚಕ್ರ ಲಾಕ್ ಆಗದಂತೆ ತಡೆಯುವ ಸಹಾಯ ಇರುವುದಿಲ್ಲ. ಕೆಂಪು, ಹಳದಿ ಎರಡೂ ಒಟ್ಟಿಗೆ ಉರಿದರೆ ಓಡಿಸಬೇಡಿ. ತೋಟದ ಪಕ್ಕ ನಿಲ್ಲಿಸಿದ ಗಾಡಿಯಾದರೆ ಮೊದಲು ಚಕ್ರದ ಹತ್ತಿರದ ಸೆನ್ಸರ್ ವೈರ್ ನೋಡಿ. ಇಲಿ ಕಡಿದಿರುವುದು ನಮ್ಮಲ್ಲಿ ಹೊಸದಲ್ಲ.

ಹ್ಯಾಂಡ್ ಬ್ರೇಕ್ ನಿಲ್ಲಿಸುತ್ತಿಲ್ಲ

ಸಣ್ಣ ಇಳಿಜಾರಿನಲ್ಲಿ, ಪೂರ್ತಿ ಸಾಮಾನು ತುಂಬಿಕೊಂಡು, ಕಾಲು ಫುಟ್‌ಬ್ರೇಕ್ ಹತ್ತಿರವೇ ಇಟ್ಟುಕೊಂಡು ಪರೀಕ್ಷಿಸಿ. ಜಾರಿದರೆ ಮೊದಲು ಹಿಂದಿನ ಶೂ ಅಡ್ಜಸ್ಟ್, ಆಮೇಲೆ ಕೇಬಲ್. ಕೇಬಲ್ ಒಂದನ್ನೇ ಬಿಗಿ ಮಾಡಿದರೆ ಹಿಂದಿನ ಬ್ರೇಕ್ ಓಡುವಾಗಲೂ ಉಜ್ಜುತ್ತಿರುತ್ತದೆ. ರಾತ್ರಿ ಮಲಗುವ ಗಾಡಿ ಇದು, ಈ ಕೆಲಸ ಮುಂದಕ್ಕೆ ಹಾಕಬೇಡಿ.

ಬಸ್ಸಿನ ಮೇಲೆ ಕಟ್ಟಿದ ಮೋಟರ್‌ಹೋಮ್ ಆದರೆ ಏರ್ ಬ್ರೇಕ್ ಇರುತ್ತದೆ. ಗಾಳಿಯ ಗೇಜ್ ಪೂರ್ತಿ ಏರುವ ತನಕ ಹೊರಡಬೇಡಿ. ಟ್ಯಾಂಕಿನ ಕೆಳಗಿನ ವಾಲ್ವ್‌ನಿಂದ ನೀರು ಬಿಡಿ. ಎಂಜಿನ್ ಆಫ್ ಮಾಡಿದಾಗ "ಸುಯ್" ಎಂದು ಸೋರುವ ಶಬ್ದ ನಿಲ್ಲದಿದ್ದರೆ ಅದು ಪಳಗಿದವರ ಕೆಲಸ, ನೀವು ಕೈಹಾಕಬೇಡಿ.

ಗ್ಯಾರೇಜಿನಲ್ಲಿ ಏನು ಕೇಳಬೇಕು

"ಬ್ರೇಕ್ ಚೆಕ್ ಮಾಡಿ" ಅಂದರೆ ಸಾಲದು. ನಾಲ್ಕೂ ಚಕ್ರ ಬಿಚ್ಚಿ ತೋರಿಸಿ ಅನ್ನಿ. ಪ್ಯಾಡ್, ಲೈನರ್, ಡಿಸ್ಕ್ ದಪ್ಪ ಅಳೆದು ಬರೆಸಿಕೊಳ್ಳಿ. ರಬ್ಬರ್ ಹೋಸ್ ಬಗ್ಗಿಸಿ ಬಿರುಕು ನೋಡಿಸಿ. ಸಾಮಾನು ತುಂಬಿದಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ನಿಮ್ಮ ಗಾಡಿಯಲ್ಲಿದ್ದರೆ, ಅದು ಅಲುಗುತ್ತದೆಯಾ ಕೇಳಿ. ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಗಬೇಕು. ಗಾಡಿಯ ಪುಸ್ತಕದಲ್ಲಿ ಯಾವ ದರ್ಜೆ ಹೇಳಿದೆಯೋ ಅದೇ ಹಾಕಿಸಿ, ಸೀಲ್ ಒಡೆಯದ ಬಾಟಲಿ ನಿಮ್ಮ ಮುಂದೆಯೇ ತೆಗೆಯಲಿ. ಅರ್ಧ ಬಳಸಿ ಕಪಾಟಿನಲ್ಲಿಟ್ಟ ಬಾಟಲಿ ನಮ್ಮ ಮಳೆಗಾಲದಲ್ಲಿ ಆಗಲೇ ತೇವ ಕುಡಿದಿರುತ್ತದೆ. ತೆಗೆದ ಹಳೆಯ ಪ್ಯಾಡ್ ಕೇಳಿ ಪಡೆಯಿರಿ, ಒಂದೇ ಕಡೆ ಸವೆದಿದ್ದರೆ ಕಾರಣ ಕೇಳಿ.

ಸರ್ವಿಸ್ ಆದ ಮೇಲೆ

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಮೊದಲ 200 ಕಿಲೋಮೀಟರ್ ಬೇಕು. ಗಡಸು ಬ್ರೇಕ್ ಹಾಕದೆ, ಸಾಗರ ರಸ್ತೆಯಲ್ಲೋ ಭದ್ರಾವತಿ ಕಡೆಗೋ ಒಂದೆರಡು ದಿನ ಓಡಿಸಿ. ಗ್ಯಾರೇಜಿನಿಂದ ನೇರ ಘಾಟಿಗೆ ಇಳಿಸಬೇಡಿ.

ಹೊರಡುವ ದಿನ ವೀಲ್ ಸ್ಪ್ಯಾನರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಬಿಚ್ಚಿ ಹಾಕಿದ ಚಕ್ರದ ನಟ್‌ಗಳನ್ನು 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಅದು ಈಗಾಗಲೇ ಆಗಿದ್ದರೂ ನಾನು ಆಗುಂಬೆಯಲ್ಲಿ ಟೀಗೆ ನಿಲ್ಲಿಸಿದಾಗ ಇನ್ನೊಂದು ಸಲ ನೋಡುತ್ತೇನೆ. ಶಿವಮೊಗ್ಗದಿಂದ ಸುಮಾರು 90 ಕಿಲೋಮೀಟರ್ ಬಂದಿರುತ್ತೇವೆ, ಘಾಟಿ ಇನ್ನೂ ಮುಂದಿದೆ. ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ಬಿಸಿ ನೋಡುತ್ತೇನೆ, ಪೆಡಲ್ ಒಂದು ಸಲ ಒತ್ತಿ ಹಿಡಿಯುತ್ತೇನೆ. ಯಾವುದಾದರೂ ಒಂದು ಸರಿ ಅನ್ನಿಸದಿದ್ದರೆ ಗಾಡಿ ತೀರ್ಥಹಳ್ಳಿ ಕಡೆಗೆ ವಾಪಸ್ ತಿರುಗುತ್ತದೆ.